ಬೆಳಗಿತ್ತಿ ಚೆಲುವಾಜಮ್ಮನ ಬಿಪಿ

ನನಗೆ ಬಿಪಿ ಇದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದ್ದರಿಂದ ನಾನು ಮಾತಾಡುವಾಗ ಮಧ್ಯೆ ಬಾಯಿ ಹಾಕಬೇಡಿ. ಬಾಯಿ ಹಾಕಿದರೆ ನನಗೆ ಸಿಟ್ಟು ಬರುತ್ತೆ, ಸಿಟ್ಟು ಬಂದರೆ ಬಿಪಿ ಜಾಸ್ತಿಯಾಗುತ್ತೆ, ಆಮೇಲೆ ಡಾಕ್ಟರಮ್ಮ ನಿಮ್ಮನ್ನು ಬಿಟ್ಟು ನನ್ನನ್ನೇ ಬೈಯುತ್ತಾರೆ.

ನಮ್ಮೂರಲ್ಲಿ ಸಿಹಿ ತಿಂದವರು ಬೆಳಗುತ್ತಾರೆ. ಹೊರಗಿನವರು ಬಂದಾಗ ಬಾಯಿ ಬಿಟ್ಟುಕೊಂಡು ನೋಡುತ್ತಾರೆ, ನಮಗೇನು ಅದು ದೊಡ್ಡ ಸಂಗತಿಯಲ್ಲ. ಬೆಲ್ಲ ತಿಂದರೆ ಕೆಂಪಗೆ, ಸಕ್ಕರೆ ತಿಂದರೆ ಬೆಳ್ಳಗೆ, ಜೇನುತುಪ್ಪ ನೆಕ್ಕಿದರೆ ಹೊಂಬಣ್ಣಕ್ಕೆ. ಕದ್ದು ತಿನ್ನುವ ಸುಖ ಮಾತ್ರ ನಮ್ಮೂರಿನ ಮಕ್ಕಳ ಹಣೆಯಲ್ಲಿ ಬರೆದಿಲ್ಲ. ಡಬ್ಬಿಗೆ ಕೈ ಹಾಕಿದ ಮಗು ಓಡಿಹೋಗಿ ಮಂಚದ ಕೆಳಗೆ ಅಡಗಿದರೆ ಮಂಚದ ನಾಲ್ಕೂ ಕಡೆಯಿಂದ ಬೆಳಕು ಬರುತ್ತೆ. ಕರೆಂಟು ಹೋದಾಗ ಮೇಣದಬತ್ತಿ ಹುಡುಕುವವರಿಲ್ಲ. ಮನೆಯಲ್ಲಿ ಯಾರಾದರೂ ಒಬ್ಬರು ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ನಡುಮನೆಯಲ್ಲಿ ಕೂರುತ್ತಾರೆ, ಉಳಿದವರು ಸುತ್ತ ಕೂತು ಉಣ್ಣುತ್ತಾರೆ. ಪರೀಕ್ಷೆ ಹತ್ತಿರ ಬಂದರೆ ಮಕ್ಕಳು ತಾತನ ಮಗ್ಗುಲಲ್ಲಿ ಪುಸ್ತಕ ಹಿಡಿದು ಕೂರುತ್ತವೆ, ತಾತ ಪೆಪ್ಪರಮೆಂಟು ಚೀಪುತ್ತಾ ತೂಕಡಿಸುತ್ತಾನೆ. ಹಗಲು ಹೊತ್ತಿನಲ್ಲಿ ಪಾಯಸ ಮಾಡುವವರನ್ನು ಕಂಡರೆ ನಮಗೆ ನಗು. ದಂಡ ಅಲ್ಲವಾ ಅದು!

ಒಬ್ಬೊಬ್ಬರ ಬೆಳಕು ಒಂದೊಂದು ಹೊತ್ತು. ನಮ್ಮ ಯಜಮಾನರು ಮಾದಯ್ಯನವರು ಟೈಲರು, ಬಡಕಲು ಮನುಷ್ಯ. ಎರಡು ಒಬ್ಬಟ್ಟು ತಿಂದರೂ ಫಕ್ ಅಂತ ಹತ್ತಿಕೊಂಡು, ಒಂದು ಅಂಗಿಗೆ ಗುಂಡಿ ಹೊಲಿಯುವಷ್ಟರಲ್ಲಿ ಮುಗಿಯಿತು. ಮುಗಿಯಿತು ಅಂದರೆ, ಆರಿತು ಅಂತ ನಾವು ಹೇಳುವುದಿಲ್ಲ, ಕೆಟ್ಟ ಮಾತು ಅದು. ಶಾಂತವಾಯಿತು ಅನ್ನಬೇಕು. ಊರೆಲ್ಲ ಅವರನ್ನು ಮಿಣುಕು ಮಾದಯ್ಯ ಅಂತಲೇ ಕರೆಯುವುದು. ನನ್ನ ಮದುವೆಯಾದಾಗ ನೆಂಟರ ಹೆಂಗಸರೆಲ್ಲ ನನ್ನ ಗಲ್ಲ ಸವರಿ ಅಯ್ಯೋ ಪಾಪ ಅಂದಿದ್ದರು.

ನಾನೋ! ಸಂಜೆ ಒಂದು ಒಬ್ಬಟ್ಟು ತಿಂದು ಜಗಲಿಯ ಮೇಲೆ ಕೂತರೆ ಕೇರಿಯ ಹೆಂಗಸರೆಲ್ಲ ನನ್ನ ಸುತ್ತ ಕೂತು ಹೂವು ಕಟ್ಟಿ, ಅಕ್ಕಿ ಆರಿಸಿ, ಎರಡು ಮನೆಯ ವಿಷಯ ಪೂರ್ತಿ ಮಾತಾಡಿ ಎದ್ದುಹೋಗುವವರೆಗೂ ನನ್ನ ಬೆಳಕು ಕೂದಲೆಳೆಯಷ್ಟೂ ಇಳಿಯುತ್ತಿರಲಿಲ್ಲ. ಅದಕ್ಕೇ ನಾನು ಈ ಊರಿನ ಬೆಳಗಿತ್ತಿ. ಮದುವೆಯ ಹಿಂದಿನ ಸಂಜೆ ಮದುವಣಗಿತ್ತಿ ತವರುಮನೆಯಿಂದ ಛತ್ರಕ್ಕೆ ನಡೆದು ಹೋಗುವಾಗ ಬೀದಿದೀಪಗಳನ್ನೆಲ್ಲ ಶಾಂತ ಮಾಡಿಸುತ್ತಾರೆ. ಮುಂದೆ ಬೆಳಗಿತ್ತಿ ನಡೆಯಬೇಕು. ಮನೆಯಲ್ಲಿ ಒಂದೇ ಒಂದು ಒಬ್ಬಟ್ಟು ತಿಂದು ಹೊರಡಬೇಕು, ದಾರಿಯಲ್ಲಿ ಮತ್ತೇನೂ ಬಾಯಿಗೆ ಹಾಕಬಾರದು, ಹಿಂದೆ ತಿರುಗಿ ಮದುವಣಗಿತ್ತಿಯನ್ನು ನೋಡಬಾರದು. ಬೆಳಗಿತ್ತಿ ನಡುದಾರಿಯಲ್ಲಿ ಶಾಂತವಾದಳೋ, ಮೆರವಣಿಗೆ ವಾಪಸ್ಸು. ದಾಸೇಗೌಡರ ಮನೆಯ ಮದುವೆಯಲ್ಲಿ ಹಾಗಾಗಿ ಬೀಗರು ಛತ್ರದಿಂದಲೇ ಬಸ್ಸು ಹತ್ತಿ ಹೋಗಿದ್ದರು. ಆ ಹುಡುಗಿಗೆ ಮತ್ತೆ ಗಂಡು ಸಿಗುವಷ್ಟರಲ್ಲಿ ಅವರಿಗೆ ಸಾಕುಸಾಕಾಯಿತು.

ನನ್ನ ಅಮ್ಮನೂ ಬೆಳಗಿತ್ತಿ. ಅವಳ ಮುಂದೆ ನಾನು ಏನೂ ಅಲ್ಲ. ಕೊನೆಕೊನೆಗೆ ಅಮ್ಮ ಶಾಂತವಾಗುತ್ತಲೇ ಇರಲಿಲ್ಲ. ಬರೀ ಅನ್ನ ಉಂಡರೂ ಬೆಳಗುತ್ತಿದ್ದಳು, ಹಗಲೂ ಇರುಳೂ. ಅಕ್ಕಪಕ್ಕದ ಊರಿನವರು ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿಕೊಂಡು ಹೋಗುತ್ತಿದ್ದರು. ಅಂಥ ಮನೆತನ ನಮ್ಮದು. ಈಗ ನನ್ನ ಒಬ್ಬಳೇ ಮಗಳು ಚಂಪಾಗೆ ಗಂಡು ಗೊತ್ತಾಗಿತ್ತು. ಮಾಘ ಮಾಸಕ್ಕೆ ಲಗ್ನ. ಸ್ವಂತ ಮಗಳ ಮುಂದೆ ತಾಯಿಯೇ ಬೆಳಗಿತ್ತಿಯಾಗಿ ನಡೆಯುವ ಭಾಗ್ಯ! ನಾನು ನೆಲದ ಮೇಲೆ ನಡೆಯುತ್ತಲೇ ಇರಲಿಲ್ಲ ಅಂತಿಟ್ಟುಕೊಳ್ಳಿ.

ಅಂಥಾ ಹೊತ್ತಿನಲ್ಲಿ ಬಂದರು ನೋಡಿ, ಡಾಕ್ಟರ್ ಶಹನಾಜ್. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಸರಕಾರಿ ಆಸ್ಪತ್ರೆಗೆ ಹೊಸದಾಗಿ ಹಾಕಿದ್ದರು. ಬಂದ ದಿನವೇ ಹೋಟೆಲಿನಲ್ಲಿ ಕಾಫಿ ಕುಡಿದು, ತನ್ನ ಕೈ ತಾನೇ ನೋಡಿಕೊಂಡು ಚೀರಿದ ಸದ್ದು ಬಸ್ ಸ್ಟ್ಯಾಂಡಿನವರೆಗೂ ಕೇಳಿತಂತೆ. ಪಾಪ, ಆಮೇಲೆ ಒಂದು ವಾರ ಸಕ್ಕರೆಯಿಲ್ಲದ ಕಾಫಿ ಕುಡಿದರು. ಅದಾದ ಮೇಲೆ ಏನು ಹೊಳೆಯಿತೋ, ಕೈಗಡಿಯಾರ ಹಿಡಿದುಕೊಂಡು ಮದುವೆ ಮುಂಜಿಯಲ್ಲೆಲ್ಲ ಊಟದ ಪಂಕ್ತಿಯ ಎದುರು ನಿಂತು ಯಾರು ಎಷ್ಟು ಹೊತ್ತು ಬೆಳಗುತ್ತಾರೆ ಅಂತ ನೋಡತೊಡಗಿದರು. ನಾವು ಹುಡುಗಿಗೆ ನಮ್ಮೂರು ಹಿಡಿಸಿತು ಅಂದುಕೊಂಡೆವು.

ಒಂದು ದಿನ ಆಟೋದಲ್ಲಿ ಮೈಕು ಕಟ್ಟಿಕೊಂಡು ಸಾರಿಸಿದರು. ಬಿಪಿ ಇರುವವರು ಭಾನುವಾರ ಬೆಳಿಗ್ಗೆ ಏನೂ ತಿನ್ನದೆ ಹಳೇ ಟಾಕೀಸಿಗೆ ಬರಬೇಕು, ಗ್ಲೂಕೋಸು ನೀರು ಕೊಡುತ್ತೇವೆ, ರಕ್ತ ತೆಗೆಯುತ್ತೇವೆ, ಎಷ್ಟು ಹೊತ್ತು ಬೆಳಗುತ್ತೀರಿ ಅಂತ ಅಳೆಯುತ್ತೇವೆ. ಇಷ್ಟೇ ಹೇಳಿದ್ದು. ಇನ್ನೇನು ಬೇಕು? ಸಂಜೆಯೊಳಗೆ ಊರಿಗೆ ಊರೇ ಸ್ಪರ್ಧೆ ಅಂತ ತೀರ್ಮಾನ ಮಾಡಿಯಾಗಿತ್ತು. ಸರಕಾರದವರೇ ನಡೆಸುವ ಸ್ಪರ್ಧೆ, ಗೆದ್ದವರಿಗೆ ರಾಜಧಾನಿಯಲ್ಲಿ ಸನ್ಮಾನ ಅಂತ ಯಾರೋ ಸೇರಿಸಿದರು. ಯಾರೋ ಏನು, ನಮ್ಮ ನಾದಿನಿ ಪಂಕಜಳೇ. ಬೆಳಗಿತ್ತಿಯ ಪಟ್ಟದ ಮೇಲೆ ಅವಳಿಗೆ ಎಷ್ಟೋ ವರ್ಷದಿಂದ ಕಣ್ಣು. ಚಂಪಾಳ ಲಗ್ನ ಗೊತ್ತಾದ ದಿನವೇ, "ಅತ್ತಿಗೆ, ನಿಮಗೆ ಸುಸ್ತಾದರೆ ನಾನಿದ್ದೀನಲ್ಲ" ಅಂದಿದ್ದಳು. ನಾನಿದ್ದೀನಲ್ಲ ಅಂತೆ! ನೋಡೇಬಿಡೋಣ ಅಂದುಕೊಂಡೆ.

ತೊಂದರೆ ಏನಾಯಿತು ಅಂದರೆ, ಬಿಪಿ ಇರುವವರು ಮಾತ್ರ ಅಂದಿದ್ದರಲ್ಲ. ಬಿಪಿ ಇಲ್ಲದವರ ಪಾಡು ಕೇಳಬೇಡಿ. ಭಾನುವಾರ ಬೆಳಿಗ್ಗೆ ಟಾಕೀಸಿನ ಮುಂದೆ ಜಾತ್ರೆ. ಅರ್ಧ ಜನ ಟಾಕೀಸಿನ ಮೆಟ್ಟಿಲು ಹತ್ತಿ ಇಳಿದು ಹತ್ತಿ ಇಳಿದು ಏದುಸಿರು ಬಿಡುತ್ತಿದ್ದರು. ಹಿಟ್ಟಿನ ಗಿರಣಿಯ ಬಸಪ್ಪಾಜಿ ಜಗಳ ಆಡಲೆಂದೇ ಪಕ್ಕದ ಊರಿನಿಂದ ಭಾವಮೈದುನನನ್ನು ಕರೆಸಿದ್ದ. ಇಬ್ಬರೂ ಯಾವುದೋ ಹಳೇ ಎತ್ತಿನ ವಿಷಯ ತೆಗೆದು ಗಂಟಲು ಹರಿಯುವ ಹಾಗೆ ಕೂಗಾಡಿ, ಕೊನೆಗೆ ನಿಜವಾಗಿಯೂ ಮುನಿಸಿಕೊಂಡು ಭಾವಮೈದುನ ತಿಂಡಿ ತಿನ್ನದೆ ವಾಪಸ್ಸು ಹೋದ.

ಡಾಕ್ಟರಮ್ಮ ಬಾಗಿಲಿಗೆ ಬಂದು, "ಏನ್ರೀ ಇದು? ಯಾಕೆ ಎಲ್ಲ ಕುಣೀತಾ ಇದ್ದೀರಿ? ಸುಮ್ಮನೆ ಕೂತ್ಕೊಳ್ಳಿ. ಶಾಂತವಾಗಿ ಕೂತ ಮೇಲೇ ಬಿಪಿ ನೋಡೋದು" ಅಂದರು. ಎಲ್ಲರೂ ಬೆಂಚಿನ ಮೇಲೆ ಕೂತು ಹಲ್ಲು ಕಚ್ಚಿಕೊಂಡು, ಜೀವನದಲ್ಲಿ ತಮಗೆ ಅನ್ಯಾಯ ಮಾಡಿದವರನ್ನು ಒಬ್ಬೊಬ್ಬರಾಗಿ ನೆನೆಸಿಕೊಂಡರು.

ನನಗೆ ಅಂಥ ಕಷ್ಟವೇನೂ ಬೇಕಾಗಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಪಾದರಸ ನೂರ ತೊಂಬತ್ತರ ಹತ್ತಿರ ಕುಣಿಯಿತು. "ಅಮ್ಮಾ, ತಲೆ ಸುತ್ತುತ್ತಾ? ಮಾತ್ರೆ ಏನಾದ್ರೂ ತಗೊಳ್ತೀರಾ?" ಅಂತ ಕೇಳಿದರು. "ಏನೂ ಇಲ್ಲ ತಾಯಿ, ಕಲ್ಲುಗುಂಡು" ಅಂದೆ. ಹಿಂದೆ ಸಾಲಿನಲ್ಲಿದ್ದವರು ಲೊಚ್ ಅಂತ ಹೊಟ್ಟೆಕಿಚ್ಚು ಪಟ್ಟಿದ್ದು ನನಗೆ ಕೇಳಿಸಿತು.

ಬಾಗಿಲು ಕಿಟಕಿ ಮುಚ್ಚಿ, ಪರದೆ ಎಳೆದು, ಟಾಕೀಸನ್ನು ಕತ್ತಲೆ ಮಾಡಿದರು. ಆಯ್ದ ನಮ್ಮನ್ನು ಕೆಳಗೆ ಕುರ್ಚಿಯಲ್ಲಿ ಕೂರಿಸಿದರು. ಬಾಲ್ಕನಿ ತುಂಬ ನೆಂಟರಿಷ್ಟರು. ಮೊದಲು ಒಂದು ಸಲ ರಕ್ತ ತೆಗೆದು, ನಿಂಬೆಹಣ್ಣು ಹಿಂಡಿದ ಗ್ಲೂಕೋಸು ನೀರು ಒಂದೊಂದು ಲೋಟ ಕೊಟ್ಟರು. ಗಟಗಟ ಕುಡಿದೆವು. ಅಬ್ಬಬ್ಬಾ, ಏನು ಹೇಳಲಿ! ಸಾಲುಸಾಲಾಗಿ ಎಲ್ಲರೂ ಟ್ಯೂಬ್‌ಲೈಟಿನ ಹಾಗೆ ಬೆಳ್ಳಗೆ ಹತ್ತಿಕೊಂಡೆವು. ಸಿನಿಮಾ ನಿಂತುಹೋಗಿ ಎಷ್ಟೋ ಕಾಲವಾಗಿದ್ದ ಆ ಹಾಳು ಟಾಕೀಸಿನಲ್ಲಿ ಗೋಡೆಯ ಮೇಲಿನ ಬಣ್ಣದ ನವಿಲುಗಳು ಕಂಡವು, ಸೂರಿನ ಪಾರಿವಾಳಗಳು ಬೆಳಗಾಯಿತೆಂದು ಹಾರಾಡಿದವು. ಬಾಲ್ಕನಿಯಿಂದ ಶಿಳ್ಳೆ.

ಅರ್ಧರ್ಧ ಗಂಟೆಗೊಮ್ಮೆ ಬಂದು ಸೂಜಿ ಚುಚ್ಚಿ ರಕ್ತ ತೆಗೆಯುತ್ತಿದ್ದರು. ನಡುವೆ ಯಾರಾದರೂ ಮಂಕಾಗುತ್ತಾ ಬಂದು ಪೂರ್ತಿ ಕತ್ತಲಾದರೆ ಬಾಲ್ಕನಿಯವರೆಲ್ಲ ಒಟ್ಟಿಗೆ "ಶಾಂತ!" ಅಂತ ಕೂಗುವುದು. ಡಾಕ್ಟರಮ್ಮ ಮಾತ್ರ ಓಡಿಹೋಗಿ ಅವರ ಕೈ ಕುಲುಕಿ, "ವೆರಿ ಗುಡ್, ವೆರಿ ಗುಡ್!" ಅನ್ನುತ್ತಿದ್ದರು. ಸೋತವರನ್ನು ಸಮಾಧಾನ ಮಾಡುವ ಒಳ್ಳೇ ಗುಣ ಹುಡುಗಿಗೆ ಅಂದುಕೊಂಡೆವು. ಬಸಪ್ಪಾಜಿ ಬೇಗ ಶಾಂತವಾಗಿ, ಡಾಕ್ಟರಮ್ಮ ಎರಡೂ ಕೈ ಹಿಡಿದು ಅಭಿನಂದಿಸಿದಾಗ ಅವನಿಗೆ ಅಳುವೇ ಬಂತು.

ಕೊನೆಗೆ ಉಳಿದವರು ನಾನು, ಪಂಕಜ. ಅವಳು ಸಣ್ಣಗೆ ಮಂಕಾಗುತ್ತಿದ್ದಳು. ಓರೆಗಣ್ಣಲ್ಲಿ ನೋಡುತ್ತಲೇ ಇದ್ದೆ. ಕೆಮ್ಮಿದವಳ ಹಾಗೆ ಮಾಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೆರಗಿನ ಗಂಟಲ್ಲಿ ಕಲ್ಲುಸಕ್ಕರೆ! ಜಾಣೆ ಅಂದುಕೊಂಡಿದ್ದಳು, ಆದರೆ ಕಲ್ಲುಸಕ್ಕರೆ ಒಳಗೆ ಹೋದದ್ದೇ ತಡ, ಇಳಿಯುತ್ತಿದ್ದವಳು ಭಗ್ ಅಂತ ಮತ್ತೆ ಹತ್ತಿಕೊಂಡುಬಿಟ್ಟಳು, ಪಾರಿವಾಳಗಳು ಎರಡನೇ ಸಲ ಹಾರಿದವು. "ಮೋಸ! ಮೋಸ!" ಅಂತ ಬಾಲ್ಕನಿ ಗದ್ದಲ. ಡಾಕ್ಟರಮ್ಮ ತಲೆ ಚಚ್ಚಿಕೊಂಡು, "ಮೋಸ ಏನು ಬಂತು ಇದರಲ್ಲಿ? ಯಾರ ಜೊತೆ ಪಂದ್ಯ ಆಡ್ತಾ ಇದ್ದೀರಿ ನೀವೆಲ್ಲ?" ಅಂದರು. ನಾನು ಗೆದ್ದಿದ್ದೆ! ಮಧ್ಯಾಹ್ನದ ಊಟದ ಹೊತ್ತಾದರೂ ನನ್ನ ಬೆಳಕು ಹಾಗೇ ಇತ್ತು. ಹೂವಿನ ಹಾರ ಬಂತು, ವಾಲಗದವರು ಬಂದರು. ಡಾಕ್ಟರಮ್ಮ ನನ್ನ ಮುಖವನ್ನೇ ನೋಡುತ್ತಾ ಬೆಪ್ಪಾಗಿ ನಿಂತಿದ್ದರು. ಇವಳಿಗೂ ಹೊಟ್ಟೆಕಿಚ್ಚೇ ಅಂತ ನನಗೆ ಬೇಜಾರಾಯಿತು.

ಮಾರನೇ ವಾರ ಮನೆಗೆ ಬಂದರು. ನಾನು ಸನ್ಮಾನದ ವಿಷಯ ಇರಬೇಕೆಂದು ಒಳ್ಳೇ ಸೀರೆ ಉಟ್ಟು ಚಾಪೆ ಹಾಸಿದೆ. ಯಜಮಾನರು ಮಿಷನ್ನು ನಿಲ್ಲಿಸಿ ಎದ್ದುನಿಂತರು, ಚಂಪಾ ಕಾಫಿ ತಂದಳು.

"ಅಮ್ಮಾ, ಹೇಗೆ ಹೇಳಲಿ" ಅಂತ ಶುರುಮಾಡಿದರು. "ತಿಂದ ಸಿಹಿ ರಕ್ತಕ್ಕೆ ಬರುತ್ತಲ್ಲ, ಅದನ್ನ ಮೈಯೊಳಗೆ ಮನೆಮನೆಗೆ ಹಂಚೋದಕ್ಕೆ ಇನ್ಸುಲಿನ್ ಅಂತ ಒಂದಿದೆ. ಅದು ಹೋಗಿ ಬಾಗಿಲು ತಟ್ಟಿ, ತಗೊಳ್ಳಿ ಅನ್ನುತ್ತೆ. ಮೊದಲ ಸಲಕ್ಕೇ ಬಾಗಿಲು ತೆಗೆದರೆ ಸಿಹಿ ಒಳಗೆ ಹೋಯ್ತು, ಮನುಷ್ಯ ಶಾಂತ ಆದ. ನಿಮ್ಮ ಮೈಯಲ್ಲಿ ಅದು ತಟ್ಟುತ್ತೆ, ತಟ್ಟುತ್ತೆ, ತಟ್ಟುತ್ತಲೇ ಇರುತ್ತೆ. ಒಳಗಿನವರಿಗೆ ಕಿವಿಯೇ ಕೇಳಿಸ್ತಿಲ್ಲ."

"ನಮ್ಮ ಯಜಮಾನರ ಹಾಗೆ ಅನ್ನಿ" ಅಂದೆ.

"ಇಲ್ಲಮ್ಮ. ಅವರ ಮೈಗೆ ಕಿವಿ ಬಲು ಚುರುಕು. ಒಂದೇ ಏಟಿಗೆ ಬಾಗಿಲು ತೆಗೀತಾರೆ. ಊರಲ್ಲಿ ಅವರಷ್ಟು ಆರೋಗ್ಯವಂತರನ್ನ ನಾನು ನೋಡಿಲ್ಲ."

ಯಜಮಾನರು ಮದುವೆಯಾದಾಗಿನಿಂದ ಮೊದಲ ಸಲ ಎದೆ ಸೆಟೆಸಿ ನನ್ನ ಕಡೆ ನೋಡಿದರು. ನನಗೆ ಮೈಯೆಲ್ಲ ಉರಿಯಿತು.

"ಬಿಪಿ ಇರೋರಲ್ಲಿ ಈ ಕಿವುಡು ಹೆಚ್ಚು. ಎರಡೂ ಜೊತೆಯಾಗಿ ಬರುತ್ತೆ. ಅದು ಎಷ್ಟಿದೆ ಅಂತ ಅಳೆಯೋಕೇ ನಾನು ಎಲ್ಲರನ್ನೂ ಕರೆದಿದ್ದು. ಹೆಚ್ಚು ಹೊತ್ತು ಬೆಳಗಿದವರು ಗೆದ್ದ ಹಾಗಲ್ಲ ಅಮ್ಮ. ಹೀಗೇ ಬಿಟ್ಟರೆ ಹೃದಯ, ಮೂತ್ರಪಿಂಡ, ಕಣ್ಣು..."

"ಸಾಕು ನಿಲ್ಲಿಸಿ" ಅಂದೆ. ಕೇಳಿದಿರಾ ಮಾತು? ನಮ್ಮ ಮನೆತನದ ಬೆಳಕನ್ನು ಹಿಡಿದು ಕಾಯಿಲೆ ಅನ್ನುವುದೇ? ನಮ್ಮಮ್ಮನ ಕಾಲಿಗೆ ಬಿದ್ದವರೆಲ್ಲ ದಡ್ಡರೇ? "ಮಗಳ ಮದುವೆ ಹತ್ತಿರ ಬಂದಿದೆ. ನೀವು ಮಾತ್ರೆ ಕೊಟ್ಟು ನನ್ನನ್ನ ಮಿಣುಕು ಮಾಡಿ, ನಡುದಾರೀಲಿ ಶಾಂತ ಮಾಡಿಸಿ, ಬೀಗರನ್ನ ಬಸ್ಸು ಹತ್ತಿಸಬೇಕು ಅಂತಿದ್ದೀರಾ? ಪಂಕಜ ಕಳಿಸಿದಳಾ ನಿಮ್ಮನ್ನ?" ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಡಾಕ್ಟರಮ್ಮ ಕಾಫಿ ಮುಗಿಸಿ ಎದ್ದರು. ಬಾಗಿಲಲ್ಲಿ ನಿಂತು ಒಂದೇ ಮಾತು ಕೇಳಿದರು. "ನಿಮ್ಮಮ್ಮ ಹಗಲೂ ರಾತ್ರಿ ಬೆಳಗ್ತಾ ಇದ್ದರು ಅಂತಾರಲ್ಲ. ಕೊನೆಗೆ ಅವರಿಗೆ ಕಣ್ಣು ಕಾಣಿಸ್ತಿತ್ತಾ?"

ನಾನು ದಢಾರಂತ ಬಾಗಿಲು ಹಾಕಿದೆ.

ಅಮ್ಮನಿಗೆ ಕಣ್ಣು ಕಾಣುತ್ತಿರಲಿಲ್ಲ. ಊರಿಗೆಲ್ಲ ಗೊತ್ತಿತ್ತು, ಅಷ್ಟು ಬೆಳಕು ಹೊತ್ತವರಿಗೆ ಕಣ್ಣು ಯಾಕೆ ಅಂತ ಊರೇ ಹೇಳುತ್ತಿತ್ತು. ನನ್ನ ಮದುವೆಯಲ್ಲಿ ಅಮ್ಮನೇ ಬೆಳಗಿತ್ತಿ, ಸೋದರಮಾವ ಅವಳ ಕೈ ಹಿಡಿದು ನಡೆಸಿಕೊಂಡು ಹೋದ. ಛತ್ರದಲ್ಲಿ ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡು ಹಣೆ, ಮೂಗು, ಜಡೆ, ಸೀರೆಯ ಅಂಚು ಎಲ್ಲ ಬೆರಳಲ್ಲಿ ಸವರಿ, "ಯಾವ ಬಣ್ಣ ಮಗಾ?" ಅಂತ ಕೇಳಿದ್ದಳು. ಆಮೇಲೆ ಒಂದು ಸಂಜೆ, ಅವಳ ಮೈಬೆಳಕಿನಲ್ಲೇ ನಾನು ರಾಗಿ ಕೇರುತ್ತಾ ಕೂತಿದ್ದಾಗ, "ಚೆಲುವಾ, ಕತ್ತಲಾಯ್ತಲ್ಲೇ, ದೀಪ ಹಚ್ಚಿದೆಯಾ?" ಅಂದಳು. ಹಚ್ಚಿದೀನಮ್ಮ ಅಂದಿದ್ದೆ.

ಈ ಹಾಳು ಡಾಕ್ಟರು ಬಂದು ಅದನ್ನೆಲ್ಲ ಕೆದಕಿಬಿಟ್ಟಿದ್ದರು. ಆದರೂ ನಾನು ಜಗ್ಗಲಿಲ್ಲ. ಚಂಪಾ ದಿನಾ ಬೆನ್ನು ಬಿದ್ದಳು. "ಅಮ್ಮ, ಒಂದು ಸಲ ಆಸ್ಪತ್ರೆಗೆ ಹೋಗಿ ಬರೋಣ ಬಾ" ಅಂದರೆ, "ಮೊದಲು ನಿನ್ನನ್ನ ಬೆಳಕಲ್ಲಿ ಕಳಿಸ್ತೀನಿ, ಆಮೇಲೆ ನೋಡೋಣ" ಅನ್ನುತ್ತಿದ್ದೆ. "ನೀನು ಹುಷಾರಾಗಿರು, ನಾನು ಕತ್ತಲಲ್ಲೇ ಹೋಗ್ತೀನಿ" ಅಂದಳು. "ಬಿಡ್ತು ಅನ್ನು!" ಅಂತ ಬೆನ್ನಿಗೊಂದು ಹಾಕಿದೆ.

ಯಜಮಾನರು ಚಂಪಾಳ ಮದುವೆಯ ರವಿಕೆ ಹೊಲಿದು, ಹುಕ್ಕು ಹಾಕಲು ನನಗೆ ಕೊಟ್ಟರು. ಅವರು ಹೊಲಿದ ರವಿಕೆಗೆಲ್ಲ ಹುಕ್ಕು ಹಾಕುವುದು ನನ್ನ ಕೆಲಸ, ಕಣ್ಣು ಮುಚ್ಚಿಕೊಂಡೇ ಹಾಕುತ್ತೇನೆ. ಹಸಿರು ರೇಷ್ಮೆ, ಅಂಚಿಗೆ ಜರಿ. ಹಗಲು ಬೆಳಕಲ್ಲಿ ಜಗಲಿಯ ಮೇಲೆ ಕೂತು ಎಷ್ಟು ಆಸೆಯಿಂದ ಹಾಕಿದೆ ಗೊತ್ತಾ! ಚಂಪಾ ತೊಟ್ಟುಕೊಂಡು ಬಂದು ನಗಲೂ ಆರದೆ ಅಳಲೂ ಆರದೆ ನಿಂತಳು. ಹುಕ್ಕುಗಳು ಒಂದು ಮೇಲೆ ಒಂದು ಕೆಳಗೆ, ಒಂದಂತೂ ಹೊರಮೈಗೆ. ಯಜಮಾನರು ಕತ್ತರಿ ತಗೊಂಡು ಬಿಚ್ಚತೊಡಗಿದರು. ಅವರು ಬೈದಿದ್ದರೆ ಆಗುತ್ತಿತ್ತು. ಬೈಯಲಿಲ್ಲ. ನಾನು ರವಿಕೆಯನ್ನು ಕಿತ್ತುಕೊಂಡು ಕಣ್ಣಿನ ಹತ್ತಿರ ಹಿಡಿದು ನೋಡಿದೆ, ದೂರ ಹಿಡಿದು ನೋಡಿದೆ. ಹಸಿರು ಕಂಡಿತು, ಜರಿ ಎಲ್ಲಿ ಶುರುವಾಗುತ್ತೆ ಅಂತ ಕಾಣಲಿಲ್ಲ. ತಲೆಯೆತ್ತಿ ಚಂಪಾಳ ಮುಖ ನೋಡಿದೆ. ಮಂಜು ಮಂಜು. ಯಾವ ಬಣ್ಣ ಮಗಾ ಅಂತ ಕೇಳುವ ದಿನ ನನಗೂ ಬರುತ್ತೆ ಅನ್ನಿಸಿತು. ಚಪ್ಪಲಿ ಮೆಟ್ಟಿಕೊಂಡು ನೆಟ್ಟಗೆ ಆಸ್ಪತ್ರೆಗೆ ನಡೆದೆ.

"ಬಂದಿರಾ?" ಅಂದರು ಡಾಕ್ಟರಮ್ಮ. "ಬಾಗಿಲು ಹಾಕಿದ್ದಕ್ಕೆ ಸಿಟ್ಟಿದ್ದರೆ ಬೈದುಬಿಡಿ, ಮಾತ್ರೆ ಕೊಡಿ" ಅಂದೆ. ಅವರು ಬೈಯಲಿಲ್ಲ, ಕಣ್ಣಿಗೆ ದೀಪ ಹಿಡಿದು ಬಹಳ ಹೊತ್ತು ನೋಡಿದರು. "ಈಗಲಾದ್ರೂ ಬಂದಿರಲ್ಲ. ಇನ್ನೂ ಹಾಳಾಗಿಲ್ಲ, ಉಳಿಸ್ಕೋಬಹುದು" ಅಂದರು. ನಾನು ಅಲ್ಲೇ ಕೂತು ಗೊಳೋ ಅಂತ ಅತ್ತೆ. ಹೊರಗೆ ಸಾಲಿನಲ್ಲಿದ್ದವರು ಸೂಜಿಗೆ ಹೆದರಿದ್ದೇನೆ ಅಂದುಕೊಂಡಿರಬೇಕು.

ಆಮೇಲಿನ ನನ್ನ ಅವತಾರ ನೀವು ನೋಡಬೇಕಿತ್ತು. ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ. ಉಪ್ಪಿನಕಾಯಿ ಜಾಡಿ ಪಂಕಜಳ ಮನೆಗೆ ಸಾಗಿತು. ಅನ್ನ ಮುಷ್ಟಿಯಷ್ಟು, ಸೊಪ್ಪು ಬುಟ್ಟಿಯಷ್ಟು. ಬೆಳಿಗ್ಗೆ ಎದ್ದು ಯಜಮಾನರ ಜೊತೆ ಕೆರೆ ಏರಿಯ ಮೇಲೆ ಬಿರಬಿರನೆ ನಡೆಯಬೇಕು. ಮದುವೆಯಾಗಿ ಇಷ್ಟು ವರ್ಷಕ್ಕೆ ನಾವಿಬ್ಬರೂ ಜೋಡಿಯಾಗಿ ಹೊರಗೆ ಕಾಣಿಸಿಕೊಂಡದ್ದೇ ಆಗ. ಬಡಕಲು ಮನುಷ್ಯ ಎಂಥ ನಡಿಗೆ ಅಂತೀರಿ! "ಬಾ ಚೆಲುವ, ಕಾಲು ಎತ್ತು" ಅಂತ ಮುಂದೆ ಮುಂದೆ ಹೋಗುವುದು, ನಾನು ಹಿಂದಿನಿಂದ, "ನಿಲ್ಲಿ ರೀ, ನಿಮ್ಮ ಕಿವಿಗಿಷ್ಟು!" ಅಂತ ಬೈಯುತ್ತಾ ಓಡುವುದು. ಕೆರೆಯ ಮೀನುಗಾರರು ನಕ್ಕು ನಕ್ಕು ಕೈಯಲ್ಲಿದ್ದ ಬಲೆ ಕೈಬಿಟ್ಟರು. ಒಂದು ದಿನ ನನಗೇ ನಗು ಬಂದು ಏರಿಯ ಮೇಲೆ ಕೂತುಬಿಟ್ಟೆ, ಅವರೂ ಕೂತರು, ಇಬ್ಬರೂ ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆವು. ಯಾಕೆ ಅಂತ ಕೇಳಿದರೆ ಗೊತ್ತಿಲ್ಲ.

ಆಗಾಗ ಡಾಕ್ಟರಮ್ಮ ಗ್ಲೂಕೋಸು ಕುಡಿಸಿ ಗಡಿಯಾರ ಹಿಡಿದು ಅಳೆಯುತ್ತಿದ್ದರು. ಪ್ರತಿ ಸಲವೂ ನನ್ನ ಬೆಳಕು ಮೊದಲಿಗಿಂತ ಬೇಗ ಇಳಿಯುತ್ತಿತ್ತು. ಅವರು ಕುಣಿಯುತ್ತಿದ್ದರು, ನಾನೂ ನಗುತ್ತಿದ್ದೆ, ಮನೆಗೆ ಬಂದು ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ದಾರಿಯ ಲೆಕ್ಕ ಹಾಕುತ್ತಿದ್ದೆ. ನಮ್ಮ ಮನೆಯಿಂದ ಬಾವಿಕಟ್ಟೆ, ಬಾವಿಕಟ್ಟೆಯಿಂದ ಟಾಕೀಸು, ಟಾಕೀಸಿನಿಂದ ಛತ್ರ. ವಾಲಗದವರು ತೆವಳಿಕೊಂಡು ನಡೆಯುತ್ತಾರೆ, ಮನೆಮನೆಯ ಮುಂದೆ ಆರತಿಗೆ ನಿಲ್ಲಬೇಕು. ಟಾಕೀಸಿನವರೆಗೆ ಬರಬಲ್ಲೆ. ಅದರಿಂದಾಚೆಗೆ ದೇವರೇ ಗತಿ. ಮಾತ್ರೆ ಒಂದು ವಾರ ಬಿಟ್ಟುಬಿಡಲೇ, ಉಪ್ಪಿನಕಾಯಿ ವಾಪಸ್ಸು ತರಿಸಲೇ ಅಂತ ಎಷ್ಟೋ ಸಲ ಅನ್ನಿಸಿತು. ಪಂಕಜಳನ್ನೇ ಕರೆಯಲೇ ಅಂತಲೂ ಅನ್ನಿಸಿತು, ಆದರೆ ಅವಳಿಗೂ ಡಾಕ್ಟರಮ್ಮ ಮಾತ್ರೆ ಶುರುಮಾಡಿದ್ದರು. ಅವಳು ದಿನಾ ನಮ್ಮ ಹಿಂದೆ ಕೆರೆ ಏರಿಗೆ ಬರುತ್ತಿದ್ದಳು, ಬೇಗ ಶಾಂತವಾಗುವ ಬಸಪ್ಪಾಜಿಯನ್ನು ಕಂಡರೆ ಈಗ ಹೊಟ್ಟೆಕಿಚ್ಚು ಪಡುತ್ತಿದ್ದಳು. ಊರಲ್ಲಿ ದೊಡ್ಡ ಬೆಳಕು ಅನ್ನುವುದೇ ಉಳಿಯದ ಹಾಗೆ ಮಾಡಿಬಿಟ್ಟಿದ್ದರು ಆ ಕನ್ನಡಕದ ಹುಡುಗಿ.

ಲಗ್ನದ ಹಿಂದಿನ ಸಂಜೆ ಬಂತು. ಚಂಪಾಗೆ ಮಡಿಲು ತುಂಬಿದೆವು, ಅಕ್ಕಿ, ತೆಂಗಿನಕಾಯಿ, ಎಲೆಅಡಿಕೆ, ಅಚ್ಚುಬೆಲ್ಲ. ಹುಕ್ಕು ನಾನೇ ಎರಡನೇ ಸಲ ಹಾಕಿದ್ದು, ಈ ಸಲ ನೆಟ್ಟಗೆ. ಬೀದಿದೀಪಗಳು ಶಾಂತವಾದವು. ನಾನು ಒಬ್ಬಟ್ಟು ತಿಂದೆ. ಮೈ ಕೆಂಪಗೆ ಬೆಳಗಿತು, ಜನ ಹೋ ಅಂದರು, ವಾಲಗ ಶುರುವಾಯಿತು. ತಲೆಯೆತ್ತಿ ನಡೆದೆ. ಬೆಳಗುವವರಿಗೆ ತಮ್ಮ ಬೆಳಕೇ ಕಣ್ಣಿಗೆ ಹೊಡೆಯುತ್ತೆ, ಕತ್ತಲ ಬೀದಿಯಲ್ಲಂತೂ ಸುತ್ತಲಿನದು ಸರಿಯಾಗಿ ಕಾಣುವುದಿಲ್ಲ. ಆ ಬೆಳಕಿನ ಒಳಗೇ ನಾನು ವಾಲಗದವರಿಗೆ, "ಕಾಲು ಎತ್ತಿ, ಕಾಲು ಎತ್ತಿ" ಅಂತ ಪಿಸುಗುಟ್ಟುತ್ತಿದ್ದೆ. ಅವರು ಖುಷಿಯಾಗಿ ಇನ್ನೊಂದು ರಾಗ ಎಳೆದರು. ಬಾವಿಕಟ್ಟೆ ದಾಟಿತು. ಆರತಿ, ಮತ್ತೆ ಆರತಿ. ಬೆರಳ ತುದಿ ಮೊದಲು ಮಂಕಾಯಿತು. ಸೆರಗು ಹೊದ್ದು ಮುಚ್ಚಿಕೊಂಡೆ. ಮೊಣಕೈ. ಆಮೇಲೆ ಭುಜ. ಟಾಕೀಸಿನ ಮುಂದೆ, ಅದೇ ಮೆಟ್ಟಿಲುಗಳ ಎದುರು, ನಾನು ಪೂರ್ತಿ ಶಾಂತವಾದೆ.

ವಾಲಗ ನಿಂತಿತು. ಕತ್ತಲೆ ಅಂದರೆ ಕತ್ತಲೆ. ಯಾರೋ "ಅಯ್ಯೋ ಶಿವನೇ" ಅಂದರು. ಯಾರೂ "ಶಾಂತ" ಅಂತ ಕೂಗಲಿಲ್ಲ. ನಾನು ಕಲ್ಲಾಗಿ ನಿಂತೆ. ಮುಂದೆ ಛತ್ರದ ಕಡೆ ಬೀಗರು ಕಾಯುತ್ತಿದ್ದರು, ಹಿಂದೆ ನನ್ನ ಮಗಳು. ದಾಸೇಗೌಡರ ಮಗಳ ಹಣೆಬರಹ ನನ್ನ ಮಗಳಿಗೂ ಬಂತಲ್ಲ, ಕೈಯಾರೆ ನಾನೇ ತಂದೆನಲ್ಲ ಅಂದುಕೊಂಡೆ.

ಆಗ ನನ್ನ ಬೆನ್ನ ಹಿಂದೆ ಕಟಕ್ ಅಂತ ಸದ್ದಾಯಿತು.

ತಿರುಗಬಾರದು. ನಿಯಮ ಗೊತ್ತಿದ್ದೂ ತಿರುಗಿದೆ. ಚಂಪಾ ಮಡಿಲಿನಿಂದ ಅಚ್ಚುಬೆಲ್ಲ ತೆಗೆದು ಕಚ್ಚಿದ್ದಳು, ಕೆನ್ನೆ ಒಂದು ಕಡೆ ಉಬ್ಬಿತ್ತು. ಕೊರಳಿನಿಂದ ಕೆಂಪು ಮೇಲಕ್ಕೆ ಬಂತು, ಗಲ್ಲಕ್ಕೆ, ಮೂಗುಬೊಟ್ಟಿಗೆ, ಹಣೆಗೆ. ಎಷ್ಟು ಮದುವಣಗಿತ್ತಿಯರ ಮುಂದೆ ನಡೆದಿದ್ದೇನೋ, ಒಬ್ಬಳ ಮುಖವನ್ನೂ ನಾನು ದಾರಿಯಲ್ಲಿ ನೋಡಿರಲಿಲ್ಲ. ನಾನು ಕತ್ತಲಲ್ಲಿದ್ದೆ, ಕಣ್ಣಿಗೆ ಏನೂ ಅಡ್ಡವಿರಲಿಲ್ಲ. ರೆಪ್ಪೆಯ ಕಾಡಿಗೆ ಸ್ವಲ್ಪ ಹರಡಿದ್ದು ಕಂಡಿತು. ಹಸಿರು ರವಿಕೆಯ ಜರಿ ಎಲ್ಲಿ ಶುರುವಾಗುತ್ತೆ ಅಂತ ಕಂಡಿತು. ತುಟಿಯ ಮೂಲೆಯಲ್ಲಿ ಬೆಲ್ಲದ ಪುಡಿ ಅಂಟಿಕೊಂಡಿದ್ದೂ ಕಂಡಿತು.

"ಶಾಂತ!" ಅಂತ ಕೂಗಿದಳು ಹುಡುಗಿ, ಬಾಯಿ ತುಂಬ ಬೆಲ್ಲ ಇಟ್ಟುಕೊಂಡೇ. "ನಮ್ಮಮ್ಮ ಶಾಂತವಾದಳು! ಡಾಕ್ಟ್ರೇ, ನೋಡಿದ್ರಾ?"

ಗುಂಪಿನೊಳಗಿಂದ ಡಾಕ್ಟರಮ್ಮ, "ವೆರಿ ಗುಡ್! ವೆರಿ ಗುಡ್!" ಅಂತ ಗಡಿಯಾರ ಎತ್ತಿ ಹಿಡಿದು ಕುಣಿದರು. ಯಾರೋ ನಕ್ಕರು. ಮದುವಣಗಿತ್ತಿ ತಾನೇ ಬೆಳಗಬಾರದು ಅಂತ ನಿಯಮ ಇದೆಯೇ ಅಂತ ಹಿರಿಯರು ತಲೆ ಕೆರೆದುಕೊಂಡರು. ಹಾಗಂತ ಯಾರೂ ಯಾವತ್ತೂ ಹೇಳಿರಲಿಲ್ಲ. ವಾಲಗದವನಿಗೆ ಯಾರು ಸನ್ನೆ ಮಾಡಿದರೋ ಕಾಣೆ, ಮತ್ತೆ ಊದಿದ.

ಚಂಪಾಳ ಮೈಯೂ ಅಪ್ಪನ ಮೈ, ಕಿವಿ ಚುರುಕು. ಸ್ವಲ್ಪ ದೂರಕ್ಕೇ ಮಂಕಾಗತೊಡಗಿದಳು. ಮಿಣುಕು ಮಾದಯ್ಯನವರು ಅವಳ ಕೈಯಿಂದ ಬೆಲ್ಲ ಕಿತ್ತುಕೊಂಡು ಕಚ್ಚಿದರು, ಫಕ್ ಅಂತ ಹತ್ತಿಕೊಂಡು ನಾಲ್ಕು ಹೆಜ್ಜೆ ಬೆಳಗಿ ಶಾಂತವಾದರು. ಪಂಕಜ ಸೆರಗಿನ ಗಂಟು ಬಿಚ್ಚಿದಳು. ಕಲ್ಲುಸಕ್ಕರೆ ಇನ್ನೂ ಅಲ್ಲೇ ಇತ್ತು, ಬಿಡುವ ಜಾತಿಯಲ್ಲ ಅದು. ಬಸಪ್ಪಾಜಿ ಪೆಪ್ಪರಮೆಂಟು ಹಾಕಿಕೊಂಡ, ಮನೆಮನೆಯಿಂದ ಬೆಲ್ಲದ ಡಬ್ಬಿ ಹೊರಗೆ ಬಂತು. ಒಬ್ಬರು ಇಳಿಯುವುದು, ಇನ್ನೊಬ್ಬರು ಹತ್ತಿಕೊಳ್ಳುವುದು, ಕೆಂಪು, ಬಿಳಿ, ಹೊಂಬಣ್ಣ, ನಗುವೋ ನಗು.

ಛತ್ರದ ಬಾಗಿಲಲ್ಲಿ ಬೀಗಿತ್ತಿ ಆರತಿ ತಟ್ಟೆ ಹಿಡಿದು ನಿಂತಿದ್ದರು. ಈ ಬಣ್ಣಬಣ್ಣದ ಗುಂಪನ್ನು ನೋಡಿ, "ಇದೇನ್ರೀ ಇದು? ಬೆಳಗಿತ್ತಿ ಎಲ್ಲಿ?" ಅಂತ ಕೇಳಿದರಂತೆ. "ಇಗೋ ಇಲ್ಲೇ ಬರ್ತಾ ಇದ್ದಾರೆ" ಅಂತ ಪಂಕಜ ನನ್ನ ಕಡೆ ಕೈ ತೋರಿಸಿದಳಂತೆ. ಬೀಗಿತ್ತಿಗೆ ಕಂಡದ್ದು ನನ್ನ ಬೆನ್ನು. ಯಜಮಾನರು ನನ್ನ ಎರಡೂ ಭುಜ ಹಿಡಿದು, "ಎಡಕ್ಕೆ, ಕಲ್ಲಿದೆ, ಈಗ ಮೆಟ್ಟಿಲು" ಅಂತ ಹಿಂದಿನಿಂದ ದಾರಿ ಹೇಳುತ್ತಿದ್ದರು. "ಮುಂದೆ ನೋಡ್ಕೊಂಡು ನಡಿಯಮ್ಮ, ಬೀಳ್ತೀಯ" ಅಂತ ಚಂಪಾ ಬೇಡಿಕೊಳ್ಳುತ್ತಲೇ ಇದ್ದಳು. ನಾನು ಕೇಳಲಿಲ್ಲ. ಟಾಕೀಸಿನಿಂದ ಛತ್ರದವರೆಗೂ ನಾನು ಹಿಂದುಹಿಂದಕ್ಕೇ ನಡೆದೆ, ನನ್ನ ಮಗಳ ಮುಖ ನೋಡಿಕೊಂಡು.